ದಾನಿಶ್ ಸೇಠ್‌ಗೋಸ್ಕರ ಪ್ರೈಮ್ ಹಾಕಿಸಬೇಕಾ?

ಹಾಕಿಸಿ, ಆದರೆ ಒಂದು ತಿಂಗಳಿಗೆ ಸಾಕು. ಈ ಹಾಸ್ಯನಟನ ಎರಡು ಕನ್ನಡ ಸಿನಿಮಾ ಥಿಯೇಟರ್ ಬಿಟ್ಟು ನೇರವಾಗಿ ಪ್ರೈಮ್ ವಿಡಿಯೊಗೇ ಬಂದವು. ಎರಡನ್ನೂ ಒಂದು ಶನಿವಾರ, ಭಾನುವಾರದಲ್ಲಿ ಮುಗಿಸಬಹುದು. ಕರೆಂಟ್ ಇದ್ದರೆ ಮಾತ್ರ.

ನಮ್ಮದು ತೀರ್ಥಹಳ್ಳಿಯಿಂದ ಒಳಗೆ. ಮಳೆ ಹಿಡಿಯಿತು ಅಂದರೆ ಮೊದಲು ಕರೆಂಟ್ ಹೋಗುತ್ತೆ, ಆಮೇಲೆ ಟವರ್ ಬ್ಯಾಟರಿ ಖಾಲಿಯಾಗಿ ನೆಟ್‌ವರ್ಕೂ ಹೋಗುತ್ತೆ. ಹಾಗಾಗಿ ಶಿವಮೊಗ್ಗಕ್ಕೆ ಹೋದಾಗ ತಂಗಿ ಮನೆ ವೈಫೈನಲ್ಲಿ ಡೌನ್‌ಲೋಡ್ ಮಾಡಿಕೊಂಡು ಬಂದೆ. ಕ್ವಾಲಿಟಿ ಕಡಿಮೆ ಇಟ್ಟುಕೊಳ್ಳಿ, ಫೋನಿನ ಪರದೆಗೆ ಅಷ್ಟು ಸಾಕು. ಒಂದು ಸಲ ಪ್ಲೇ ಒತ್ತಿದ ಮೇಲೆ ಸಾಮಾನ್ಯವಾಗಿ ಎರಡು ದಿನದೊಳಗೆ ನೋಡಿ ಮುಗಿಸಬೇಕು, ಇದು ನೆನಪಿರಲಿ.

ಈಗ ಸಿನಿಮಾ ವಿಷಯ. 2020ರ ಜುಲೈನಲ್ಲಿ ಬಂದ 'ಫ್ರೆಂಚ್ ಬಿರಿಯಾನಿ' ಮೊದಲು ನೋಡಿ. ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ನಿರ್ಮಾಣ ಸಂಸ್ಥೆ ಮಾಡಿದ್ದು, ನಿರ್ದೇಶನ ಪನ್ನಗ ಭರಣ. ದಾನಿಶ್ ಇದರಲ್ಲಿ ಶಿವಾಜಿನಗರದ ಆಟೋ ಡ್ರೈವರ್ ಅಸ್ಗರ್. ಕನ್ನಡ ಮಾತಾಡುತ್ತಾ ಮಾತಾಡುತ್ತಾ ದಖನಿ ಉರ್ದುಗೆ ಜಾರಿ ಮತ್ತೆ ಕನ್ನಡಕ್ಕೆ ಬರುವ ಆ ಧಾಟಿ ಎಲ್ಲೂ ಕೃತಕ ಅನ್ನಿಸಲ್ಲ. ಕಥೆ ಮಾತ್ರ ಅರ್ಧದ ಮೇಲೆ ಸುಮ್ನೆ ಸುತ್ತು ಹೊಡೆಯುತ್ತೆ, ಬೈಗುಳವೂ ಇದೆ, ಅಜ್ಜಿ ಪಕ್ಕದಲ್ಲಿದ್ದರೆ ಇಯರ್‌ಫೋನ್ ಹಾಕಿಕೊಳ್ಳಿ. 'ಒನ್ ಕಟ್ ಟೂ ಕಟ್' 2022ರದ್ದು. ಕ್ರಾಫ್ಟ್ ಮೇಷ್ಟ್ರು ಗೋಪಿ, ಶಾಲೆಯಲ್ಲಿ ಒತ್ತೆಯಾಳುಗಳು, ಅಷ್ಟೇ. ಹತ್ತು ನಿಮಿಷದ ವಿಡಿಯೊಗೆ ಸಾಕಾಗುವ ತಮಾಷೆಯನ್ನು ಎಳೆದಿದ್ದಾರೆ. ಬಿಟ್ಟರೂ ನಷ್ಟವಿಲ್ಲ.

ನನಗೆ ಕೇಳಿದರೆ ಈ ಮನುಷ್ಯನ ಬಂಡವಾಳ ಗಂಟಲು ಮಾರಾಯ್ರೆ, ಮುಖ ಆಮೇಲೆ. ಅವರ ರಾಜಕಾರಣಿ ಪಾತ್ರ ನೊಗರಾಜ್ ಹುಟ್ಟಿದ್ದೇ ರೇಡಿಯೊದಲ್ಲಿ, ಯಾರಿಗೋ ಫೋನ್ ಮಾಡಿ ಸತಾಯಿಸುವ ಪ್ರಾಂಕ್ ಕಾಲ್‌ಗಳಲ್ಲಿ. ಮುಖವೇ ಕಾಣದೆ ಜನ ಆ ರಾಜಕಾರಣಿಯನ್ನು ನಂಬಿಬಿಡುತ್ತಿದ್ದರು. 2020ರ ಲಾಕ್‌ಡೌನ್ ವಿಡಿಯೊಗಳಲ್ಲೂ ಅದೇ. ಎಲ್ಲ ಪಾತ್ರವೂ ಒಬ್ಬರೇ, ಆದರೆ ಕಣ್ಣು ಮುಚ್ಚಿ ಕೇಳಿದರೂ ಈಗ ಮಾತಾಡುತ್ತಿರುವುದು ಯಾರು ಅಂತ ಗೊತ್ತಾಗುತ್ತೆ. ಆರ್‌ಸಿಬಿ ಕ್ರಿಕೆಟ್ ತಂಡದ ವಿಡಿಯೊಗಳಲ್ಲಿ ಅವರು ಮಾಡಿದ ಮಿಸ್ಟರ್ ನ್ಯಾಗ್ಸ್ ಪಾತ್ರದ ಬಗ್ಗೆ ಹೇಳುವುದೇ ಬೇಡ, ನಮ್ಮೂರ ಹುಡುಗರಿಗೆ ಅವರು ಇವತ್ತಿಗೂ ನ್ಯಾಗ್ಸೇ, ದಾನಿಶ್ ಅಂದರೆ ಯಾರು ಅಂತಾರೆ.

ಸ್ವಂತ ಬರವಣಿಗೆ ಇದ್ದಾಗ ಆ ಗಂಟಲಿಗೆ ತಕ್ಕ ಮಾತು ಸಿಗುತ್ತೆ. 2018ರ 'ಹಂಬಲ್ ಪೊಲಿಟಿಷಿಯನ್ ನೊಗರಾಜ್' ಅನ್ನು ನಿರ್ದೇಶಕ ಸಾದ್ ಖಾನ್ ಜೊತೆ ಸೇರಿ ಬರೆದರು. ಶಾಸಕನಾಗಲು ಹೊರಟ ಕಾರ್ಪೊರೇಟರ್, ತಾನು ತುಂಬಾ ವಿನಯವಂತ ಅಂತ ತಾನೇ ಹೇಳಿಕೊಂಡು ತಿರುಗುವವನು. ಇಂಗ್ಲಿಷ್ ಜಾಸ್ತಿ ಅಂತ ನಮ್ಮ ಮಾವ ಗೊಣಗಿದರು, ಆದರೆ ಎದ್ದು ಹೋಗಲಿಲ್ಲ. ನಾಲ್ಕು ವರ್ಷದ ಮೇಲೆ ಆಗಿನ ವೂಟ್ ಆ್ಯಪ್‌ನಲ್ಲಿ ಅದೇ ನೊಗರಾಜ್ ವೆಬ್ ಸರಣಿಯಾಗಿಯೂ ಬಂದ.

ನಗಿಸುವುದು ಬಿಟ್ಟು ಬೇರೇನು ಬರುತ್ತೆ ಅನ್ನುವವರು ಮಲಯಾಳದ 'ಮಲೈಕೋಟ್ಟೈ ವಾಲಿಬನ್' ನೋಡಿ, 2024ರದ್ದು. ಮೋಹನ್‌ಲಾಲ್ ಎದುರು ಕುಹಕಿ ಖಳನಾಗಿ ನಿಂತಿದ್ದಾರೆ. ಒಂಥರಾ ಮೈ ಜುಮ್ ಅನ್ನಿಸುವ ನಗು ನಗ್ತಾರೆ, ಅದೂ ಗಂಟಲಿನದೇ ಕೆಲಸ. ಅದು ಹಾಟ್‌ಸ್ಟಾರ್‌ಗೆ ಬಂದಿತ್ತು, ಅಂದರೆ ಇನ್ನೊಂದು ರೀಚಾರ್ಜ್. ಇಬ್ಬರು ಮೂವರು ಸೇರಿ ಹಾಕಿಸಿಕೊಳ್ಳಿ.