ಒಂದು ಡೆಬಿಯನ್, ಹಲವು ಮೇಜು: ಎಕ್ಸ್, ಎಕ್ಸ್‌ಪ್ರಾ, ವಿಎನ್‌ಸಿ, ವೇಲ್ಯಾಂಡ್

ಸಿಂಧನೂರಿನ ಸರ್ವೆ ಕಚೇರಿಯೊಂದರ ಜೋಡಣೆ ಇದು. 16 ಜಿಬಿ ರ‍್ಯಾಮಿನ ಒಂದೇ ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಯಂತ್ರ, ಅದರಲ್ಲಿ ನಕ್ಷೆ ಬಿಡಿಸುವ ಕ್ಯೂಜಿಐಎಸ್, ಅದರೊಳಗೆ ತುಂಗಭದ್ರಾ ಎಡದಂಡೆ ಕಾಲುವೆಯ ನಕ್ಷೆ. ಉಳಿದ ಮೇಜುಗಳ ಮೇಲೆ ಹಳೆಯ ವಿಂಡೋಸ್ ಪಿಸಿಗಳು. ಅದೇ ನಕ್ಷೆಯನ್ನು ಈ ಮೇಜುಗಳಿಗೂ ರಾಯಚೂರಿನ ಮನೆಗೂ ತಲುಪಿಸಲು ನಾಲ್ಕು ದಾರಿ ಹಾಕಿ ನೋಡಲಾಯಿತು.

ಮೊದಲನೆಯದು ಎಕ್ಸ್, ಅಂದರೆ ಲಿನಕ್ಸ್‌ನಂಥ ಯಂತ್ರಗಳಲ್ಲಿ ಪರದೆ ಮೇಲೆ ಕಿಟಕಿ ಬಿಡಿಸುವ ವ್ಯವಸ್ಥೆ. 1984ರಲ್ಲಿ ಎಂಐಟಿಯಲ್ಲಿ ಹುಟ್ಟಿದ್ದು, ಇವತ್ತು ಓಡುತ್ತಿರುವ 11ನೇ ಆವೃತ್ತಿ ಬಂದದ್ದು 1987ರಲ್ಲಿ. ಪ್ರೋಗ್ರಾಂ ಒಂದು ಯಂತ್ರದಲ್ಲಿ, ಅದರ ಕಿಟಕಿ ಇನ್ನೊಂದರಲ್ಲಿ ಎನ್ನುವುದು ಇದರ ಮೂಲ ಲೆಕ್ಕಾಚಾರವೇ. ವಿಂಡೋಸ್‌ನಲ್ಲಿ ಎಕ್ಸ್ ಕಿಟಕಿಗಳನ್ನು ತೋರಿಸುವ ವಿಸಿಎಕ್ಸ್‌ಸರ್ವ್ ಹಾಕಿ, 'ಮಲ್ಟಿಪಲ್ ವಿಂಡೋಸ್', ಡಿಸ್‌ಪ್ಲೇ ಸಂಖ್ಯೆ 0 ಆರಿಸಿ. 'ಡಿಸೇಬಲ್ ಆಕ್ಸೆಸ್ ಕಂಟ್ರೋಲ್' ಟಿಕ್ ಮಾತ್ರ ಬೇಡ. ಅದನ್ನು ಹಾಕಿದರೆ ನೆಟ್‌ವರ್ಕಿನಲ್ಲಿರುವ ಯಾರು ಬೇಕಾದರೂ ನಿಮ್ಮ ಪರದೆಗೆ ಕೈ ಹಾಕಬಹುದು. ದೂರದ ಯಂತ್ರಕ್ಕೆ ಗೂಢಲಿಪಿಯಲ್ಲಿ ಲಾಗಿನ್ ಆಗುವ ದಾರಿ ಎಸ್‌ಎಸ್‌ಎಚ್; ವಿಂಡೋಸ್‌ನಲ್ಲಿ ಅದಕ್ಕೆ ಪುಟ್ಟಿ ಎಂಬ ಪ್ರೋಗ್ರಾಂ. ಅದರ ಎಸ್‌ಎಸ್‌ಎಚ್ ಕೆಳಗಿನ ಎಕ್ಸ್11 ಪುಟದಲ್ಲಿ ಫಾರ್ವರ್ಡಿಂಗ್ ಆನ್ ಮಾಡಿ, ಡೆಬಿಯನ್‌ಗೆ ಲಾಗಿನ್ ಆಗಿ, ಕ್ಯೂಜಿಐಎಸ್ ಎಂದು ಟೈಪಿಸಿದರೆ ಸಾಕು; ವಿಂಡೋಸ್‌ನ ಟಾಸ್ಕ್‌ಬಾರಿನಲ್ಲೇ ಬಂದು ಕೂರುತ್ತದೆ.

'ಕಾಂಟ್ ಓಪನ್ ಡಿಸ್‌ಪ್ಲೇ' ಎಂಬ ದೋಷ ಬಂದರೆ ಡೆಬಿಯನ್ ಕಡೆ ಡಿಸ್‌ಪ್ಲೇ ವೇರಿಯೆಬಲ್ (ಕಿಟಕಿ ಎಲ್ಲಿ ತೆರೆಯಬೇಕೆಂದು ಹೇಳುವ ಸೆಟ್ಟಿಂಗ್) ನೋಡಿ. ಲೋಕಲ್‌ಹೋಸ್ಟ್:10.0 ಎಂಬಂಥದ್ದು ಇರಬೇಕು. ಖಾಲಿ ಇದ್ದರೆ ಒಂದೋ ಎಸ್‌ಎಸ್‌ಎಚ್ ಸರ್ವರ್ ಸೆಟ್ಟಿಂಗಿನಲ್ಲಿ ಎಕ್ಸ್11 ಫಾರ್ವರ್ಡಿಂಗ್ ಆಫ್ ಇದೆ, ಇಲ್ಲವೇ ಎಕ್ಸ್‌ನ ಅನುಮತಿ ನೋಡಿಕೊಳ್ಳುವ ಎಕ್ಸ್‌ಆತ್ ಪ್ಯಾಕೇಜ್ ಇಲ್ಲ. ಆ ವೇರಿಯೆಬಲ್‌ಗೆ ಕೈಯಾರೆ ಪಿಸಿಯ ಐಪಿ (ನೆಟ್‌ವರ್ಕ್ ವಿಳಾಸ) ತುಂಬಿಸುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಹಾಗೆ ಮಾಡಿದರೆ ಎಸ್‌ಎಸ್‌ಎಚ್ ಅನ್ನು ಬಿಟ್ಟು 6000ನೇ ಪೋರ್ಟಿನಲ್ಲಿ ಎಲ್ಲವೂ ಬಟಾಬಯಲಾಗಿ ಹರಿಯುತ್ತದೆ.

ವೇಗದ ಮಾತು. 1366×768ರ ನಕ್ಷೆ ಒಮ್ಮೆ ಸರಿದರೆ ಪಿಕ್ಸೆಲ್‌ಗೆ 4 ಬೈಟಿನಂತೆ ಸುಮಾರು 4 ಎಂಬಿ ಹೋಗಬೇಕು. 100 ಎಂಬಿಪಿಎಸ್ ಲಿಂಕಿನಲ್ಲಿ ಅದಕ್ಕೆ ಸೆಕೆಂಡಿನ ಮೂರರಲ್ಲೊಂದು ಪಾಲು ಹಿಡಿಯುತ್ತದೆ, ಕಣ್ಣಿಗೆ ತಡವರಿಕೆ ಕಾಣುತ್ತದೆ. ಗಿಗಾಬಿಟ್‌ನಲ್ಲಿ (1000 ಎಂಬಿಪಿಎಸ್) ಗೊತ್ತೇ ಆಗುವುದಿಲ್ಲ. ಕೇಬಲ್ಲಿನ ಎಂಟು ತಂತಿಗಳಲ್ಲಿ ಒಂದು ಸರಿಯಾಗಿ ಕ್ರಿಂಪ್ ಆಗದಿದ್ದರೂ ಲಿಂಕ್ ಸದ್ದಿಲ್ಲದೆ 100ಕ್ಕೆ ಇಳಿದಿರಬಹುದು. ಎಕ್ಸ್ ಅನ್ನು ಬೈಯುವ ಮೊದಲು ಅದನ್ನು ನೋಡಿ.

ಎಕ್ಸ್‌ನ ನಿಜವಾದ ತೊಂದರೆ ನಮ್ಮ ಕಡೆಯ ಕರೆಂಟು. ಪಿಸಿಗೆ ಯುಪಿಎಸ್ ಇದ್ದು, ಯಂತ್ರಗಳನ್ನು ಜೋಡಿಸುವ ನೆಟ್‌ವರ್ಕ್ ಸ್ವಿಚ್‌ಗೆ ಇಲ್ಲದಿದ್ದರೆ, ಒಂದು ಕ್ಷಣ ಕರೆಂಟ್ ಹೋಗಿ ಬಂದರೂ ಸಂಪರ್ಕ ಕಡಿದು ಕ್ಯೂಜಿಐಎಸ್ ಸತ್ತುಹೋಗುತ್ತದೆ, ಉಳಿಸದ ಗೆರೆಗಳೆಲ್ಲ ಅದರ ಜತೆಗೇ. ಸ್ವಿಚ್ಚಿಗೂ ಯುಪಿಎಸ್ ಕೊಡಲೇಬೇಕು.

ಮನೆಯಿಂದಾದರೆ ಎಕ್ಸ್ ಬೇಡವೇ ಬೇಡ. ಲೈನಿನ ಅಗಲಕ್ಕಿಂತ ಹೋಗಿಬರುವ ಹೊತ್ತು ಇಲ್ಲಿ ಕಾಡುತ್ತದೆ. ಒಂದು ಮೆನು ತೆರೆಯಲು 50 ಸಲ ಕೇಳಿ ಉತ್ತರ ಪಡೆಯಬೇಕಾದರೆ, 60 ಮಿಲಿಸೆಕೆಂಡಿನ ಲೈನಿನಲ್ಲಿ ಅಷ್ಟಕ್ಕೇ 3 ಸೆಕೆಂಡು. ಎರಡನೆಯ ದಾರಿಯಾದ ಎಕ್ಸ್‌ಪ್ರಾ ಈ ಪ್ರಶ್ನೋತ್ತರವನ್ನೆಲ್ಲ ಡೆಬಿಯನ್ ಒಳಗೇ ಮುಗಿಸಿ, ಚಿತ್ರವನ್ನಷ್ಟೇ ಹಿಂಡಿ ಕಳಿಸುತ್ತದೆ. ಲೈನ್ ಹೋದರೂ ಪ್ರೋಗ್ರಾಂ ಬದುಕಿರುತ್ತದೆ, ಮತ್ತೆ ಸೇರಿಕೊಂಡರೆ ಬಿಟ್ಟಲ್ಲಿಂದಲೇ ಕೆಲಸ. ಎರಡೂ ಕಡೆ ಒಂದೇ ಆವೃತ್ತಿ ಇರಲಿ, ಇಲ್ಲದಿದ್ದರೆ ಸಣ್ಣಪುಟ್ಟ ಕಿರಿಕಿರಿ ತಪ್ಪುವುದಿಲ್ಲ. ಮನೆಯ ಕೆಲಸಕ್ಕೆ ನಮ್ಮ ಆಯ್ಕೆ ಇದೇ.

ಇಡೀ ಡೆಸ್ಕ್‌ಟಾಪ್ ಬೇಕೆನ್ನುವವರಿಗೆ ಮೂರನೆಯದು, ಪರದೆಯನ್ನೇ ಚಿತ್ರವಾಗಿ ಕಳಿಸುವ ವಿಎನ್‌ಸಿ; ಅದರಲ್ಲಿ ಟೈಗರ್‌ವಿಎನ್‌ಸಿ. 1ನೇ ಡಿಸ್‌ಪ್ಲೇ ಎಂದರೆ 5901ನೇ ಪೋರ್ಟ್. ಅದನ್ನು ಎಸ್‌ಎಸ್‌ಎಚ್ ಸುರಂಗದೊಳಗಿಂದಲೇ ತನ್ನಿ. ಬರೀ ಬೂದು ಪರದೆ ಬಂದರೆ, ಹೆಚ್ಚಿನ ಸಲ ಅದೇ ಬಳಕೆದಾರ ಆ ಯಂತ್ರದ ಮುಂದೆ ಕೂತು ಗ್ನೋಮ್ ಡೆಸ್ಕ್‌ಟಾಪಿಗೆ ಲಾಗಿನ್ ಆಗಿರುತ್ತಾನೆ. ವಿಎನ್‌ಸಿಗೆ ಎಕ್ಸ್‌ಎಫ್‌ಸಿಇ ಎಂಬ ಬೇರೆ ಡೆಸ್ಕ್‌ಟಾಪ್ ಕೊಟ್ಟುಬಿಡಿ.

ನಾಲ್ಕನೆಯದು ವೇಲ್ಯಾಂಡ್, ಎಕ್ಸ್‌ನ ಜಾಗಕ್ಕೆಂದು 2008ರಲ್ಲಿ ಶುರುವಾದದ್ದು. ಎಕ್ಸ್‌ನಲ್ಲಿ ಒಂದು ಪ್ರೋಗ್ರಾಂ ಇನ್ನೊಂದರಲ್ಲಿ ಒತ್ತಿದ ಕೀಲಿಗಳನ್ನು ಕದ್ದು ಓದಬಹುದು, ಇಲ್ಲಿ ಆ ಕಿಂಡಿ ಮುಚ್ಚಿದೆ. ಯಂತ್ರದ ಮುಂದೆಯೇ ಕೂತವರಿಗೆ ಇದೇ ಚೆಂದ. ಆದರೆ ಕಿಟಕಿಯನ್ನು ದೂರ ಕಳಿಸುವುದು ಅದರ ಕೆಲಸವಲ್ಲ. ವೇಪೈಪ್ ಎಂಬ ಪ್ರೋಗ್ರಾಂ ಆ ಕೆಲಸ ಮಾಡುತ್ತದೆ, ಆದರೆ ಆಚೆ ಕಡೆಯೂ ವೇಲ್ಯಾಂಡ್ ಬೇಕು. ಹಳೆಯ ವಿಂಡೋಸ್ ಮೇಜಿಗೆ ಅದು ಉಪಯೋಗವಿಲ್ಲ.

ಯಾವ ದಾರಿಯಾದರೂ, ಊರುಗಳ ಕನ್ನಡ ಹೆಸರು ಚೌಕಗಳಾಗಿ ಕಂಡರೆ ವಿಂಡೋಸ್‌ಗೆ ಫಾಂಟ್ ಹಾಕಿ ಪ್ರಯೋಜನವಿಲ್ಲ. ಅಕ್ಷರ ಬಿಡಿಸುವುದು ಡೆಬಿಯನ್. ಅಲ್ಲಿ ಫಾಂಟ್ಸ್-ಕೆಎನ್‌ಡಿಎ ಪ್ಯಾಕೇಜ್ ಹಾಕಿ, ಕ್ಯೂಜಿಐಎಸ್ ಮುಚ್ಚಿ ತೆರೆಯಿರಿ.