‘ಔಟ್‌ಡೋರ್ ಕಿಟ್’ ಅಂತ ಸಿಂತ್ ಮಾರುವವರಿದ್ದಾರೆ, ಹುಷಾರು

ಕೆರೆ ಏರಿ, ಬೆಟ್ಟ, ತೋಟ ಅಂತ ಹೊರಗೆ ಕೂತು ಬೀಟ್ ಮಾಡುವ ಆಸೆ ಇರುವವರಿಗೆ ಈ ಬರಹ. ಸೆಕೆಂಡ್ ಹ್ಯಾಂಡ್ ಸಾಮಾನು ಮಾರುವ ಆಪ್‌ಗಳಲ್ಲಿ ಈಗ ‘ಔಟ್‌ಡೋರ್ ಕಿಟ್’ ಅಂತ ಜಾಹೀರಾತು ಕಾಣಿಸುತ್ತಿದೆ. ಒಂದು ಪುಟ್ಟ ಸಿಂತ್ (ಸರ್ಕ್ಯೂಟಿನಿಂದ ದನಿ ಹುಟ್ಟಿಸುವ ವಾದ್ಯ, ಸಿಂತಸೈಜರ್), ಒಂದು ಪವರ್ ಬ್ಯಾಂಕ್, ಎರಡನ್ನೂ ಸೇರಿಸುವ ಕೇಬಲ್, ಜೊತೆಗೆ ಬ್ಲೂಟೂತ್ ಸ್ಪೀಕರ್. ಕರೆಂಟೇ ಬೇಡ, ಎಲ್ಲಿ ಬೇಕಾದರೂ ನುಡಿಸಿ ಅಂತ ಬರೆದಿರುತ್ತಾರೆ. ಅಂಥದ್ದೊಂದನ್ನು ಮೈಸೂರಿನಲ್ಲಿ ಒಬ್ಬರಿಂದ ಕೊಂಡೆ. ಸಿಂತ್ ಸದ್ಯಕ್ಕೆ ಸತ್ತಿದೆ. ಉಳಿದ ಮೂರರಲ್ಲಿ ಒಂದೂ ಹೊರಗಡೆ ಕೆಲಸಕ್ಕೆ ಬರುವಂಥದ್ದಲ್ಲ.

ಸಿಂತ್ ಬಗ್ಗೆ ನನ್ನ ತಕರಾರಿಲ್ಲ. ಅದು ಕೋರ್ಗ್‌ನ ವೋಲ್ಕಾ ಬೇಸ್, 2013ರಲ್ಲಿ ಬಂದ ಮಾಡೆಲ್. ಆರು ಡಬಲ್ ಎ ಸೆಲ್ ಹಾಕಿದರೆ ಓಡುತ್ತದೆ, ಒಳಗೇ ಸಣ್ಣ ಸ್ಪೀಕರ್ ಇದೆ. ಒಳ್ಳೆ ಆಲ್ಕಲೈನ್ ಸೆಲ್ ಹಾಕಿದರೆ ಸುಮಾರು 10 ಗಂಟೆ ಬರುತ್ತದೆ ಅಂತ ಕಂಪನಿಯೇ ಹೇಳುತ್ತದೆ. ಅಂದರೆ ಇದಕ್ಕೆ ಪವರ್ ಬ್ಯಾಂಕ್‌ನ ಗೊಡವೆಯೇ ಬೇಡ. ಹಾಗಿದ್ದರೆ ಯಾಕೆ ಕೊಟ್ಟರು?

ಮಾರಿದವರು ಮನೆಯಲ್ಲಿ ಅಡಾಪ್ಟರ್ ಹಾಕಿ ನುಡಿಸಿ ತೋರಿಸಿದರು. ಚೆನ್ನಾಗೇ ನುಡಿಯಿತು. ಸೆಲ್ ಹಾಕಿ ನೋಡೋಣ ಅಂದೆ. “ಅಯ್ಯೋ ಸರ್, ಸೆಲ್‌ಗೆ ಯಾಕೆ ದುಡ್ಡು ದಂಡ ಮಾಡ್ತೀರ? ಈ ಕೇಬಲ್ ಹಾಕಿ, ಇಡೀ ದಿನ ಓಡುತ್ತೆ” ಅಂದರು. ಆ ಮಾತಿನ ಹಿಂದಿನ ಕಾರಣ ಆಮೇಲೆ ಕಂಡಿತು. ಸಿಂತ್‌ನ ಕೆಳಗೆ ಸೆಲ್ ಹಾಕುವ ಜಾಗದ ಮುಚ್ಚಳ ಬಿಗಿದುಕೊಂಡಿತ್ತು. ಸ್ಕ್ರೂಡ್ರೈವರ್‌ನಿಂದ ಎಬ್ಬಿಸಿದರೆ ಒಳಗಿನ ಸ್ಪ್ರಿಂಗ್‌ಗಳ ತುಂಬ ಬಿಳಿ ಪುಡಿ, ಅಲ್ಲಲ್ಲಿ ಹಸಿರು ಕಿಲುಬು. ಒಂದು ಸ್ಪ್ರಿಂಗ್ ಬೆರಳು ತಾಗಿದ್ದಕ್ಕೇ ಮುರಿದು ಕೈಗೆ ಬಂತು. ಯಾವತ್ತೋ ಹಾಕಿ ಮರೆತ ಸೆಲ್ ಸೋರಿ ಎಲ್ಲ ತಿಂದುಹಾಕಿತ್ತು. ಅದು ಗೊತ್ತಾಗಬಾರದು ಅಂತಲೇ ಈ ‘ಕಿಟ್’.

ಅವರ ಮನೆಯಿಂದ ಗೆಳೆಯನೂ ನಾನೂ ನೇರ ಪಾಂಡವಪುರದ ಹತ್ತಿರದ ತೊಣ್ಣೂರು ಕೆರೆಗೆ ಹೋಗಿದ್ದೆವು. ಅಲ್ಲಿ ಕೂತು ಕೇಬಲ್ ಚುಚ್ಚಿದೆವು. ಲೈಟ್ ಬರಲಿಲ್ಲ. ಸುಟ್ಟ ವಾಸನೆ ಬಂತು. ಅಷ್ಟೇ.

ಆ ಕೇಬಲ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇನ್ನೊಬ್ಬರ ಸಾಮಾನು ಸುಡಬಾರದು. ಪವರ್ ಬ್ಯಾಂಕ್ ಮಾಮೂಲಾಗಿ ಕೊಡುವುದು 5 ವೋಲ್ಟ್. ವೋಲ್ಕಾಗೆ ಬೇಕಾದ್ದು 9. ವೋಲ್ಟೇಜ್ ಏರಿಸುವ ಚಿಕ್ಕ ಸರ್ಕ್ಯೂಟ್ ಇರುವ ಕೇಬಲ್‌ಗಳು ಸಿಗುತ್ತವೆ, ಅವುಗಳಲ್ಲಿ ತುಂಬಾ ಗಿಟಾರ್ ಪೆಡಲ್‌ಗೆ (ಗಿಟಾರ್ ದನಿ ಬದಲಿಸಲು ಕಾಲಲ್ಲಿ ಒತ್ತುವ ಪೆಟ್ಟಿಗೆ) ಅಂತ ಮಾಡಿದವು. ಪೆಡಲ್‌ಗಳಿಗೆ ಸಾಮಾನ್ಯವಾಗಿ ದುಂಡು ಪಿನ್ನಿನ ಒಳಗೆ ಮೈನಸ್, ಹೊರಗೆ ಪ್ಲಸ್. ವೋಲ್ಕಾಗೆ ಇದು ಉಲ್ಟಾ, ಒಳಗೆ ಪ್ಲಸ್. ಪುಣ್ಯಕ್ಕೆ ವೋಲ್ಕಾದ ತೂತು ಸಣ್ಣದು, ಪೆಡಲ್ ಕೇಬಲ್ ನೇರ ಹೋಗುವುದೇ ಇಲ್ಲ. ಆದರೆ ನಮ್ಮ ಪುಣ್ಯಾತ್ಮರು ತುದಿಗೆ ಒಂದು ಕನ್ವರ್ಟರ್ ಪಿನ್ ಸಿಕ್ಕಿಸಿ, ಟೇಪ್ ಸುತ್ತಿ ಕೊಟ್ಟಿದ್ದರು! ಮನೆಗೆ ಬಂದು ಮಲ್ಟಿಮೀಟರ್ ಹಿಡಿದೆ. ಕೆಂಪು ಕಡ್ಡಿ ಒಳಗೆ, ಕಪ್ಪು ಕಡ್ಡಿ ಹೊರಗೆ. ಮೀಟರ್ ತೋರಿಸಿದ್ದು ಮೈನಸ್ 9, ಅಂದರೆ ಪಿನ್ನಿನ ಒಳಗೇ ಮೈನಸ್. ಸಿಂತ್, ಪೆಡಲ್, ದನಿಗಳನ್ನು ಬೆರೆಸುವ ಮಿಕ್ಸರ್ ಯಾವುದೇ ಇರಲಿ, ತೂತಿನ ಪಕ್ಕದಲ್ಲೋ ಕೆಳಗಡೆಯ ಲೇಬಲ್ಲಿನಲ್ಲೋ ಒಂದು ಪುಟ್ಟ ಚಿತ್ರ ಇರುತ್ತದೆ. ನಡುವಿನ ಚುಕ್ಕಿಯಿಂದ ಹೊರಟ ಗೆರೆ ಪ್ಲಸ್‌ಗೆ ಹೋಗಿದೆಯೋ ಮೈನಸ್‌ಗೋ ನೋಡಿ. ಟೇಪ್ ಸುತ್ತಿದ ಪಿನ್ ಯಾರಾದರೂ ಕೊಟ್ಟರೆ ಅಳೆಯದೆ ಚುಚ್ಚಬೇಡಿ.

ಸಿಂತ್ ಹೋಯ್ತು, ಬಂದದ್ದಕ್ಕೆ ಏನಾದರೂ ನುಡಿಸೋಣ ಅಂತ ಗೆಳೆಯನ ಸಾಮಾನು ತೆಗೆದೆವು. ಅವನ ಪುಟ್ಟ ಯುಎಸ್‌ಬಿ ಮಿಕ್ಸರ್ ಅನ್ನು ಆ ಪವರ್ ಬ್ಯಾಂಕ್‌ಗೆ ಹಾಕಿದರೆ ಸ್ವಲ್ಪ ಹೊತ್ತಿಗೇ ಆಫ್. ಮತ್ತೆ ಬಟನ್ ಒತ್ತು, ಮತ್ತೆ ಆಫ್. ಇದು ಕೆಟ್ಟಿರುವ ಲಕ್ಷಣವೇ ಆಗಬೇಕಿಲ್ಲ. ತೀರಾ ಕಡಿಮೆ ಕರೆಂಟ್ ಎಳೆಯುವ ಸಾಮಾನು ಹಾಕಿದರೆ, ಫೋನ್ ಚಾರ್ಜ್ ಮುಗಿಯಿತು ಅಂದುಕೊಂಡು ಬಹಳ ಪವರ್ ಬ್ಯಾಂಕ್‌ಗಳು ತಾವೇ ಮಲಗಿಬಿಡುತ್ತವೆ. ಕಡಿಮೆ ಕರೆಂಟಿಗೂ ಎಚ್ಚರ ಇರುವ ಮೋಡ್ ಕೆಲವದರಲ್ಲಿ ಇರುತ್ತದೆ, ಕೊಳ್ಳುವಾಗ ಅದನ್ನೇ ಕೇಳಿ. ಆದರೆ ನಮ್ಮದು ಅದಕ್ಕಿಂತ ಮುಂದೆ ಹೋಗಿತ್ತು. ಮೇಲೆ 20000 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಅಂತ ದಪ್ಪಕ್ಷರ, ಎತ್ತಿದರೆ ಹಗುರ. ಭಾರತದಲ್ಲಿ ಮಾರುವ ಪವರ್ ಬ್ಯಾಂಕ್ ಮೇಲೆ ಸರ್ಕಾರದ ಗುಣಮಟ್ಟ ಸಂಸ್ಥೆ ಬಿಐಎಸ್‌ನ ‘ಆರ್’ ಇಂದ ಶುರುವಾಗುವ ನಂಬರ್ ಇರಲೇಬೇಕು. ಇದರಲ್ಲಿ ಹುಡುಕಿದರೂ ಇಲ್ಲ. ಇನ್ನೊಂದು ಲೆಕ್ಕ ನೆನಪಿರಲಿ. ಅಸಲಿ 20000 ಆದರೂ ಆ ಸಂಖ್ಯೆ ಒಳಗಿನ 3.7 ವೋಲ್ಟ್ ಸೆಲ್‌ನದ್ದು. 5 ವೋಲ್ಟ್‌ನಲ್ಲಿ ಅದು 14800, ನಡುವೆ ಸೋರಿ ಹೋಗುವುದನ್ನು ಕಳೆದರೆ ಇನ್ನೂ ಕಡಿಮೆ. 9ಕ್ಕೆ ಏರಿಸಿದರೆ 8200ರ ಆಸುಪಾಸು, ಅದರಲ್ಲೂ ಸೋರಿಕೆ ಕಳೆಯಬೇಕು.

ಸ್ಪೀಕರ್ ಕಥೆ ಚಿಕ್ಕದು. ಅದರಲ್ಲಿ ವೈರ್ ಚುಚ್ಚುವ ಆಕ್ಸ್ ತೂತೇ ಇಲ್ಲ, ಬರೀ ಬ್ಲೂಟೂತ್. ವೋಲ್ಕಾದಲ್ಲಿ ಬ್ಲೂಟೂತ್ ಇಲ್ಲ. ಅಂದರೆ ಕಿಟ್‌ನ ಸಿಂತ್‌ಗೂ ಕಿಟ್‌ನ ಸ್ಪೀಕರ್‌ಗೂ ಸಂಬಂಧವೇ ಇಲ್ಲ! ಫೋನಿನಲ್ಲಿ ಡ್ರಮ್ ಆಪ್ ತೆಗೆದು ನೋಡಿದೆವು. ಬೆರಳು ಈಗ ಬೀಳುತ್ತದೆ, ‘ಢಂ’ ಆಮೇಲೆ ಬರುತ್ತದೆ. ಹಾಡು ಕೇಳೋಕೆ ಬ್ಲೂಟೂತ್ ಸರಿ, ತಾಳ ಹಾಕೋಕೆ ಆಗಲ್ಲ. ವೈರ್ ಬೇಕೇ ಬೇಕು. ಆಕ್ಸ್ ಇರುವ ಸ್ಪೀಕರ್‌ಗಳಲ್ಲೂ ಕೆಲವು ತಡ ಮಾಡುತ್ತವೆ, ಅಂಗಡಿಯಲ್ಲೇ ನುಡಿಸಿ ನೋಡಿ.

ಕೊನೆಗೆ ಉಳಿದದ್ದು ಗೆಳೆಯನ ರೋಲ್ಯಾಂಡ್ ಎಸ್‌ಪಿ-404 ಎಂಕೆ2 ಸ್ಯಾಂಪ್ಲರ್, ಅಂದರೆ ದನಿಯ ತುಣುಕು ಹಿಡಿದಿಟ್ಟು ನುಡಿಸುವ ಮೆಷಿನ್. ಅದಕ್ಕೂ ಆರು ಡಬಲ್ ಎ. ಅವನು ತಂದ ಸೆಲ್ ಮುಗಿದಾಗ ಪೆಟ್ಟಿಗೆ ಅಂಗಡಿಯಲ್ಲಿ ಪೆನ್ಸಿಲ್ ಸೆಲ್ ಕೊಂಡೆವು. ಗಡಿಯಾರಕ್ಕೆ, ಟಿವಿ ರಿಮೋಟಿಗೆ ಹಾಕುವ ಸೆಲ್ ಅದು. ಸ್ಯಾಂಪ್ಲರ್ ಎಳೆಯುವ ಕರೆಂಟಿಗೆ ಅದು ಏದುಸಿರು ಬಿಡುತ್ತದೆ. ಆನ್ ಆಯಿತು, ಒಂದು ಲೂಪ್ ಕೂಡ ಕಟ್ಟಿ ಮುಗಿಸುವ ಮೊದಲೇ ಸ್ಕ್ರೀನ್ ಕಪ್ಪಾಯಿತು. ಸೆಲ್ ಮೇಲಿನ ಸಣ್ಣಕ್ಷರ ಓದಿ. ಆರ್6 ಅಂದರೆ ಈ ಅಗ್ಗದ ಜಿಂಕ್ ಸೆಲ್. ಎಲ್‌ಆರ್6 ಅಂದರೆ ಆಲ್ಕಲೈನ್. ಎಚ್‌ಆರ್6 ಅಂದರೆ ಚಾರ್ಜ್ ಮಾಡುವ ನಿಕಲ್ ಸೆಲ್. ಹೊರಗೆ ಹೋಗುವವರಿಗೆ ನನ್ನ ಮತ ಮೂರನೆಯದಕ್ಕೆ. ಅವು 1.5 ಬದಲು 1.2 ವೋಲ್ಟ್, ಆದರೂ ಜಾಸ್ತಿ ಕರೆಂಟ್ ಎಳೆದರೆ ಕುಸಿಯುವುದಿಲ್ಲ. ಯಾವುದೇ ಸೆಲ್ ಇರಲಿ, ಮನೆಗೆ ಬಂದ ಮೇಲೆ ತೆಗೆದಿಡಿ. ಮಳೆಗಾಲ ಪೂರ್ತಿ ಒಳಗೇ ಬಿಟ್ಟರೆ ನಮ್ಮ ವೋಲ್ಕಾ ಗತಿ.

ಸೆಲ್ ಹಾಕುವ ಸಾಮಾನು ಹಳೇ ಕಾಲದ್ದು ಅಂತ ಮೂಗು ಮುರಿಯುವವರಿದ್ದಾರೆ. 1981ರ ರೋಲ್ಯಾಂಡ್ ಟಿಬಿ-303 ಸಿಂತ್ ಕೂಡ ನಾಲ್ಕು ದಪ್ಪ ಸಿ ಸೆಲ್‌ನಲ್ಲಿ ಓಡುತ್ತಿತ್ತು. ಅದಕ್ಕೆ ಇವತ್ತೂ ಹೊಸ ಸೆಲ್ ಹಾಕಬಹುದು. ಒಳಗೇ ಬ್ಯಾಟರಿ ಇರುವ ಮೆಷಿನ್‌ಗಳಲ್ಲಿ ಆ ಸುಖ ಇಲ್ಲ. 2011ರಲ್ಲಿ ಬಂದ ಟೀನೇಜ್ ಎಂಜಿನಿಯರಿಂಗ್ ಓಪಿ-1 ಆಗಲಿ, 2021ರ ನೊವೇಷನ್ ಸರ್ಕ್ಯೂಟ್ ಟ್ರ್ಯಾಕ್ಸ್ ಆಗಲಿ, ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಚಾರ್ಜರ್ ಕಿತ್ತು, ಅವರ ಮನೆಯಲ್ಲೇ ಕಾಫಿ ಕುಡಿಯುತ್ತಾ ಅರ್ಧ ಗಂಟೆ ಓಡಿಸಿ. ಬ್ಯಾಟರಿ ಎಷ್ಟು ಇಳಿಯಿತು ನೋಡಿ. ಅದಕ್ಕೂ ಒಪ್ಪದಿದ್ದರೆ ಕಾಫಿಗೆ ಥ್ಯಾಂಕ್ಸ್ ಹೇಳಿ ಎದ್ದು ಬನ್ನಿ.

ಮಾರಿದವರಿಗೆ ಫೋನ್ ಮಾಡಿದಾಗ “ನೀವೇ ಏನೋ ತಪ್ಪಾಗಿ ಹಾಕಿದ್ದೀರಿ” ಅಂದರು. ಮೀಟರಿನ ಫೋಟೋ, ಸ್ಪ್ರಿಂಗ್ ಫೋಟೋ ಕಳಿಸಿದ ಮೇಲೆ ಬ್ಲಾಕ್ ಮಾಡಿದರು. ದುಡ್ಡು ಯುಪಿಐನಲ್ಲಿ ನೇರ ಹೋಗಿರುವುದರಿಂದ ನಮಗೆ ಸಂಬಂಧವಿಲ್ಲ ಅಂತ ಆಪ್‌ನವರ ಉತ್ತರ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ರಿಪೇರಿಯವರೊಬ್ಬರು ಸ್ಪ್ರಿಂಗ್ ಬದಲಾಯಿಸಿ, ಬೋರ್ಡಿನಲ್ಲಿ ಎಲ್ಲಿ ಸುಟ್ಟಿದೆ ನೋಡುತ್ತೇನೆ ಅಂದಿದ್ದಾರೆ, ಗ್ಯಾರಂಟಿ ಕೊಟ್ಟಿಲ್ಲ. ನನಗೆ ಮಾರಿದ ಮನುಷ್ಯ ಈಗ ಇನ್ನೊಂದು ‘ಕಿಟ್’ ಹಾಕಿದ್ದಾರೆ, ಈ ಸಲ ಕೀಬೋರ್ಡ್. ಟೇಪ್ ಸುತ್ತಿದ ಕೇಬಲ್ ಫೋಟೋದಲ್ಲೇ ಕಾಣುತ್ತದೆ.