ಕಳ್ಳತನ ಮೊದಲೇ ಹೇಳುವ ಆ್ಯಪ್: ಸೊಸೈಟಿಗೆ ಹಾಕಿಸುವ ಮುಂಚೆ ಓದಿ

ಮುಂಬೈನ ಮುಲುಂಡ್‌ನಲ್ಲಿರುವ ನಮ್ಮ ಸೊಸೈಟಿಯಲ್ಲಿ ಕ್ಯಾಮೆರಾ ಜೊತೆಗೆ, ಕಳ್ಳತನ ಎಲ್ಲಿ ಆಗಬಹುದು ಅಂತ ಮೊದಲೇ ತಿಳಿಸುವ ಒಂದು ಸೇವೆಯನ್ನೂ ಕಮಿಟಿಯವರು ಹಾಕಿಸಿದ್ದಾರೆ. ಕಂಪನಿ ಹೆಸರು ಬೇಡ. ಐದಕ್ಕೆ ಎರಡು ಸ್ಟಾರ್ ಕೊಡ್ತೀನಿ, ಆ ಎರಡೂ ಕ್ಯಾಮೆರಾಗೆ. ರಾತ್ರಿ ಪಾರ್ಕಿಂಗ್‌ನಲ್ಲೂ ಗಾಡಿ ನಂಬರ್ ಸ್ಪಷ್ಟವಾಗಿ ಕಾಣುತ್ತದೆ.

ತೊಂದರೆ ಇರುವುದು ಆ ಕೆಂಪು ಚೌಕಗಳಲ್ಲಿ. ಹಳೇ ದೂರು, ಗೇಟಿನ ರಿಜಿಸ್ಟರ್ ಎಲ್ಲಾ ಸೇರಿಸಿ ಆ್ಯಪ್ ನಕ್ಷೆ ಮೇಲೆ ಅಪಾಯದ ಜಾಗವನ್ನು ಕೆಂಪು ಚೌಕ ಮಾಡಿ ತೋರಿಸುತ್ತದೆ. ನಮ್ಮಲ್ಲಿ ಕೆಂಪಾಗಿದ್ದು ಹಿಂದಿನ ಗೇಟು, ಅಂದರೆ ಮನೆಗೆಲಸದವರು, ಪಾರ್ಸೆಲ್ ಹುಡುಗರು ಓಡಾಡುವ ದಾರಿ. ಕೆಂಪು ಕಂಡ ಕೂಡಲೇ ವಾಚ್‌ಮನ್ ಅಲ್ಲೇ ನಿಂತ, ಬಂದವರ ಚೀಲ ತೆಗೆಸಿದ, ಸಣ್ಣಪುಟ್ಟದ್ದನ್ನೂ ಬರೆದ, ಬರೆದದ್ದೆಲ್ಲ ಮತ್ತೆ ಆ್ಯಪ್‌ಗೆ ಹೋಯಿತು, ಆ ಜಾಗ ಇನ್ನೂ ಕೆಂಪಾಯಿತು. ಸೈಕಲ್ ಕಳುವಾಗಿದ್ದು ಮಾತ್ರ ಮುಂದಿನ ಗೇಟಿನ ಹತ್ತಿರ! ಕಣ್ಣಿಟ್ಟ ಕಡೆ ತಪ್ಪು ಜಾಸ್ತಿ ಸಿಗುತ್ತದೆ, ಅಲ್ವಾ? ನಮ್ಮ ಮನೆಗೆಲಸಕ್ಕೆ ಬರುವ ಮಾವ್ಶಿ ದಿನಾ ಊಟದ ಡಬ್ಬಿ ಬಿಚ್ಚಿ ತೋರಿಸಬೇಕು. ನನಗೆ ತುಂಬಾ ಸಿಟ್ಟು ಬರುವುದು ಇದಕ್ಕೇ.

ಮಾರಲು ಬಂದವರು ಅಮೆರಿಕದ ಪೊಲೀಸರೇ ಇದನ್ನು ಬಳಸುತ್ತಾರೆ ಅಂದಿದ್ದರು. ಬಳಸಿದ್ದು ನಿಜ. ಅಲ್ಲಿ ಪ್ರೆಡ್‌ಪೋಲ್ ಅಂತ ಒಂದು ಸಾಫ್ಟ್‌ವೇರ್ ಇತ್ತು, ಸುಮಾರು 500 ಅಡಿ ಉದ್ದ, ಅಷ್ಟೇ ಅಗಲದ ಚೌಕ ತೋರಿಸಿ ಅಲ್ಲಿಗೆ ಗಸ್ತು ಕಳಿಸಿ ಅನ್ನುತ್ತಿತ್ತು. ಲಾಸ್ ಏಂಜಲೀಸ್ ಪೊಲೀಸರು 2020ರಲ್ಲಿ ಅದನ್ನು ಕೈಬಿಟ್ಟರು. ಅದೇ ವರ್ಷ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ನಗರ ಇಂಥದ್ದನ್ನೇ ನಿಷೇಧಿಸಿತು. ನ್ಯೂಜೆರ್ಸಿಯ ಪ್ಲೇನ್‌ಫೀಲ್ಡ್‌ನಲ್ಲಿ ಅದು 2018ರಲ್ಲಿ ಹೇಳಿದ್ದ ಭವಿಷ್ಯಗಳನ್ನು ಪತ್ರಕರ್ತರು ಆಮೇಲೆ ತಾಳೆ ನೋಡಿದರು. 23,631ರಲ್ಲಿ ನಿಜವಾಗಿ ನಡೆದ ಅಪರಾಧಕ್ಕೆ ಹೊಂದಿಕೆಯಾದವು ಶೇಕಡಾ ಅರ್ಧಕ್ಕಿಂತ ಕಡಿಮೆ.

ನಮ್ಮ ಮಹಾರಾಷ್ಟ್ರ ಸರ್ಕಾರ ಕೂಡ 2024ರಲ್ಲಿ ಪೊಲೀಸರಿಗಾಗಿ ಮಾರ್ವೆಲ್ ಅನ್ನುವ ಎಐ ಕಂಪನಿ ಶುರು ಮಾಡಿದೆ. ಹಳೇ ಕೇಸು ಹುಡುಕಲು, ಕಾಗದಪತ್ರ ಬೇಗ ಮುಗಿಸಲು ಎಐ ಬರಲಿ, ಒಳ್ಳೆಯದೇ. ಆದರೆ ಯಾವ ಬೀದಿಯವರನ್ನು ಅನುಮಾನಿಸಬೇಕು ಅಂತ ಅದು ಹೇಳತೊಡಗಿದರೆ, ಹೇಳಿದ್ದು ಎಷ್ಟು ಸರಿ ಬಂತು ಅಂತ ಹೊರಗಿನವರು ಪರೀಕ್ಷಿಸಿ ಜನರ ಮುಂದೆ ಇಡಲೇಬೇಕು.

ನಿಮ್ಮ ಸೊಸೈಟಿಯವರು ಕೇಳಿದರೆ ಕ್ಯಾಮೆರಾ ತಗೊಳ್ಳಿ, ಕತ್ತಲಿರುವ ಕಡೆ ಲೈಟ್ ಹಾಕಿಸಿ. ಭವಿಷ್ಯ ಹೇಳುವ ಪ್ಯಾಕೇಜಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಹಾಕಿಸಲೇಬೇಕು ಅಂದರೆ, ಹಿಂದೆ ಹೇಳಿದ್ದರಲ್ಲಿ ನಿಜವಾಗಿದ್ದೆಷ್ಟು ಅನ್ನುವ ಲೆಕ್ಕ ಮೊದಲು ಕೇಳಿ. ನಾವು ಕೇಳಿದ್ದೇವೆ, ಇನ್ನೂ ಕೊಟ್ಟಿಲ್ಲ. ಚೀಲ ತಪಾಸಣೆ ನಿಲ್ಲಿಸಬೇಕು ಅಂತ ಸೆಕ್ರೆಟರಿಗೆ ಬರೆದು ಕೊಟ್ಟಿದ್ದೇನೆ, ಮುಂದಿನ ಮೀಟಿಂಗ್‌ನಲ್ಲಿ ಚರ್ಚೆಗೆ ಬರುತ್ತದೆ.